ಇಂಗ್ಲಿಷ್ ಕೂಡ ಒಂದು ಕಾಲದಲ್ಲಿ ಕ್ರಿಯಾಪದವನ್ನು ಕೊನೆಗೆ ಇಡುತ್ತಿತ್ತೇ?

ಸುಮಾ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಂಟನೇ ಕ್ಲಾಸಿನ ಮಕ್ಕಳು 'ಐ ಮ್ಯಾಂಗೋ ಏಟ್' ಅಂತ ಬರೆಯುತ್ತಾರೆ. ಅದನ್ನು ತಿದ್ದಿ, ಮೊದಲು ಕರ್ತೃ, ಆಮೇಲೆ ಕ್ರಿಯಾಪದ, ಆಮೇಲೆ ಕರ್ಮ ಅಂತ ಬೋರ್ಡಿನ ಮೇಲೆ ಬರೆದು ಓದಿಸುವುದು ನನಗೆ ನಿತ್ಯದ ಕೆಲಸ.

ಮೊನ್ನೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಸಂಬಂಧಿಕರ ಮದುವೆಗೆ ಚರ್ಚಿಗೆ ಹೋಗಿ ಬಂದವಳು ಹೀಗೆ ಕೇಳಿದಳು: "ಮಿಸ್, ಅಲ್ಲಿ 'ಟಿಲ್ ಡೆತ್ ಅಸ್ ಡೂ ಪಾರ್ಟ್' ಅಂತ ಹೇಳಿಸಿದ್ರು. 'ಅಸ್' ಅನ್ನೋದು ಕರ್ಮ ಅಲ್ವಾ? ಅದು ಕ್ರಿಯಾಪದ ಆದಮೇಲೆ ಬರಬೇಕಿತ್ತಲ್ವಾ? ಮತ್ತೆ 'ಡೆತ್' ಒಂದೇ ತಾನೇ, 'ಡಸ್' ಯಾಕಿಲ್ಲ?"

ಅದು ಹಳೆಯ ಇಂಗ್ಲಿಷ್ ಕಣಮ್ಮ ಅಂತ ಹೇಳಿ ಕಳಿಸಿದೆ. ಆದರೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಸ್ಟಾಫ್‌ರೂಮಿನಲ್ಲಿ ವಿಷಯ ಎತ್ತಿದರೆ ಹಿರಿಯರೊಬ್ಬರು, "ಇಂಗ್ಲಿಷ್ ಮೊದಲು ಥೇಟ್ ಕನ್ನಡದ ಹಾಗೇ ಇತ್ತು, ಫ್ರೆಂಚರು ಬಂದು ಬದಲಾಯಿಸಿದರು" ಅಂದರು. ಇದು ನಿಜವೇ? ನಿಜವಾದರೆ ಯಾವಾಗ ಬದಲಾಯಿತು, ಯಾಕೆ ಬದಲಾಯಿತು? ಮಕ್ಕಳಿಗೆ ತಿಳಿಯುವ ಹಾಗೆ ಉದಾಹರಣೆ ಸಮೇತ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ಸ್ಟುಟ್‌ಗಾರ್ಟ್ ಕನ್ನಡಿಗ

ಟೀಚರ್, ಚರಿತ್ರೆ ನನಗೆ ಗೊತ್ತಿಲ್ಲ. ಇಂಗ್ಲಿಷಿನ ಅಣ್ಣತಮ್ಮನಂತಿರುವ ಜರ್ಮನ್ ಕಲಿಯುವಾಗ ಕಂಡದ್ದನ್ನು ಹೇಳುತ್ತೇನೆ. 'ಅವನು ಇವತ್ತು ಬರುತ್ತಾನೆ' ಅನ್ನಲು 'ಎರ್ ಕೊಮ್ಟ್ ಹೊಯ್ಟೆ', ಅಂದರೆ 'ಅವನು ಬರುತ್ತಾನೆ ಇವತ್ತು'. ಅದನ್ನೇ 'ನನಗೆ ಗೊತ್ತು' ಅನ್ನುವುದರ ಒಳಗೆ ಸೇರಿಸಿದರೆ 'ಇಖ್ ವೈಸ್, ದಸ್ ಎರ್ ಹೊಯ್ಟೆ ಕೊಮ್ಟ್'. ಕ್ರಿಯಾಪದ ತಟ್ಟನೆ ಕೊನೆಗೆ ಹೋಗಿ ಕೂರುತ್ತದೆ. 'ಇವತ್ತು' ಅನ್ನುವುದನ್ನು ಮೊದಲಿಗೆ ತಂದರೆ 'ಹೊಯ್ಟೆ ಕೊಮ್ಟ್ ಎರ್', ಅಂದರೆ ಕರ್ತೃ ಹಿಂದೆ ಸರಿದು ಕ್ರಿಯಾಪದ ಎರಡನೇ ಜಾಗ ಬಿಡುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಕೊನೆಗೆ ಇಡುವುದು ನನಗೆ ಸಲೀಸಾಗಿ ಬಂತು, ಎರಡನೇ ಜಾಗದ್ದು ಬರಲು ತಿಂಗಳುಗಟ್ಟಲೆ ಹಿಡಿಯಿತು. ಹಳೆಯ ಇಂಗ್ಲಿಷ್ ಹೀಗೇ ಇತ್ತು ಅಂತ ಕೇಳಿದ್ದೇನೆ. ತಿಳಿದವರು ಹೇಳಲಿ.

ಹಳೇ ಮೇಷ್ಟ್ರು, ಧಾರವಾಡ

ಸುಮಾ ಅವರೇ, ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಇಂಗ್ಲಿಷ್ ಭಾಷೆಯ ಚರಿತ್ರೆಯನ್ನು ಎಂ.ಎ. ಮಕ್ಕಳಿಗೆ ಬಹಳ ವರ್ಷ ಪಾಠ ಮಾಡಿ ನಿವೃತ್ತನಾದವನು ನಾನು. ಕಿವಿಗೆ ಬಿದ್ದ ಒಂದು ಸಾಲನ್ನು ಹಿಡಿದು ಹೀಗೆ ತಾನಾಗಿ ಕೇಳುವ ಮಕ್ಕಳು ಸಿಕ್ಕಿದರೆ ಮೇಷ್ಟರಿಗೆ ಅದಕ್ಕಿಂತ ಬೇರೆ ಭಾಗ್ಯ ಬೇಕಿಲ್ಲ.

ಮೊದಲು ಮದುವೆಯ ಮಾತು ಮುಗಿಸುತ್ತೇನೆ. ಇದು ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ 1549ರಲ್ಲಿ ಸಿದ್ಧಪಡಿಸಿದ ಇಂಗ್ಲೆಂಡಿನ ಪ್ರಾರ್ಥನಾ ಪುಸ್ತಕದಲ್ಲಿದೆ. ಅಲ್ಲಿ ಇದ್ದದ್ದು 'ಟಿಲ್ ಡೆತ್ ಅಸ್ ಡಿಪಾರ್ಟ್'. ಆಗ 'ಡಿಪಾರ್ಟ್' ಅನ್ನುವುದಕ್ಕೆ ಬೇರೆ ಮಾಡು ಅನ್ನುವ ಅರ್ಥವೂ ಇತ್ತು. 'ಸಾವು ನಮ್ಮನ್ನು ಅಗಲಿಸುವ ತನಕ' ಅಂತ ಕನ್ನಡದಲ್ಲಿ ಹೇಳಿ ನೋಡಿ, ಸಾವು, ನಮ್ಮನ್ನು, ಅಗಲಿಸು, ಅದೇ ಸಾಲು. ಮುಂದೆ ಆ ಅರ್ಥ ಬಳಕೆ ತಪ್ಪಿತು. 1662ರ ಪರಿಷ್ಕರಣೆಯಲ್ಲಿ 'ಡಿಪಾರ್ಟ್' ಒಡೆದು 'ಡೂ ಪಾರ್ಟ್' ಮಾಡಿದರು. ಪದವನ್ನು ತಿದ್ದಿದರು, ಪದಗಳು ನಿಂತ ಜಾಗವನ್ನು ಮುಟ್ಟಲಿಲ್ಲ. 'ಡಸ್' ಯಾಕಿಲ್ಲ ಅಂದರೆ, ಇನ್ನೂ ನಡೆಯದ, ಮುಂದೆಂದೋ ನಡೆಯಬಹುದಾದ ಸಂಗತಿ ಹೇಳುವಾಗ ಆ ಕಾಲದ ಇಂಗ್ಲಿಷ್ ಬೇರೆಯೇ ಕ್ರಿಯಾರೂಪ ಬಳಸುತ್ತಿತ್ತು. ಅದಕ್ಕೆ ಕೊನೆಯ 'ಸ್' ಹತ್ತುವುದಿಲ್ಲ.

ಈ ಪ್ರತಿಜ್ಞೆ ಕ್ರಾನ್ಮರ್‌ಗಿಂತಲೂ ಹಳೆಯದು. ಚರ್ಚಿನ ಪೂಜೆಯೆಲ್ಲ ಲ್ಯಾಟಿನ್‌ನಲ್ಲೇ ನಡೆಯುತ್ತಿದ್ದ ದಿನಗಳಲ್ಲೂ ಇದನ್ನು ಇಂಗ್ಲಿಷ್‌ನಲ್ಲೇ ಹೇಳಿಸುತ್ತಿದ್ದರು. ಮದುವೆಯಾಗುವ ಹುಡುಗ ಹುಡುಗಿ ತಮ್ಮ ಬಾಯಿಂದಲೇ ಹೇಳಬೇಕಾದ ಮಾತು ಇದು. ತಲೆಮಾರಿನಿಂದ ತಲೆಮಾರಿಗೆ ಹಾಗೇ ಹೇಳಿಸಿಕೊಂಡು ಬಂದದ್ದರಿಂದ ಹಳೆಯ ಸಾಲು ಉಳಿಯಿತು. ಉಂಗುರ ತೊಡಿಸುವಾಗ ಹೇಳುವ 'ವಿತ್ ದಿಸ್ ರಿಂಗ್ ಐ ದೀ ವೆಡ್' ಕೂಡ ಅಂಥದ್ದೇ: ಈ ಉಂಗುರದಿಂದ ನಾನು ನಿನ್ನನ್ನು ವರಿಸುತ್ತೇನೆ. ಎರಡರಲ್ಲೂ ಕ್ರಿಯಾಪದದ ಮುಂದೆ ನಿಂತಿರುವುದು ಸರ್ವನಾಮ ಅನ್ನುವುದನ್ನು ಗಮನಿಸಿ. ಹಳೆಯ ಇಂಗ್ಲಿಷ್‌ನಲ್ಲಿ ನನ್ನನ್ನು, ನಿನ್ನನ್ನು, ಅವನನ್ನು ಅನ್ನುವ ಪುಟ್ಟ ಪದಗಳಿಗೆ ಕ್ರಿಯಾಪದಕ್ಕಿಂತ ಮೊದಲು ಬರುವ ಚಾಳಿ ಹೆಚ್ಚು.

ಇನ್ನು ನಿಮ್ಮ ಸ್ಟಾಫ್‌ರೂಮಿನ ಹಿರಿಯರ ಮಾತು. 'ಥೇಟ್ ಕನ್ನಡದ ಹಾಗೆ' ಅನ್ನುವುದು ಅರ್ಧ ನಿಜ. ಉಳಿದರ್ಧವನ್ನು ಬಿಟ್ಟು ಮಕ್ಕಳಿಗೆ ಹೇಳಿದರೆ ಹಳೆಯ ಇಂಗ್ಲಿಷಿನ ಸೊಗಸಾದ ಭಾಗವೇ ಕೈತಪ್ಪುತ್ತದೆ. ಎರಡು ವಾಕ್ಯ ತೋರಿಸುತ್ತೇನೆ. 'ಥ' ಬಂದ ಕಡೆ 'ಥಿಂಕ್' ಅನ್ನುವಾಗಿನ ಸದ್ದು ಮಾಡಿ ಓದಿಕೊಳ್ಳಿ.

ಒಂಬತ್ತನೇ ಶತಮಾನದ ಕೊನೆಯಲ್ಲಿ ಓಹ್ತೆರೆ ಎಂಬ ನಾರ್ವೆಯ ಸಾಹುಕಾರ ದಕ್ಷಿಣ ಇಂಗ್ಲೆಂಡಿನ ಆಲ್ಫ್ರೆಡ್ ರಾಜನ ಆಸ್ಥಾನಕ್ಕೆ ಬಂದು ತನ್ನ ಸಮುದ್ರಯಾನದ ವಿವರ ಹೇಳಿದ. ಸಾಕಿದ ಹಿಮಸಾರಂಗ ಆರುನೂರು, ಹಸು ಇಪ್ಪತ್ತು, ಕುರಿ ಇಪ್ಪತ್ತು, ಹಂದಿ ಇಪ್ಪತ್ತು ಅಂತ ತನ್ನ ಆಸ್ತಿಯ ಲೆಕ್ಕವನ್ನೂ ಒಪ್ಪಿಸಿದ. ಅವನು ಹೇಳಿದ್ದನ್ನು ಬರೆದಿಟ್ಟವರ ಮೊದಲ ಸಾಲೇ ನಮಗೆ ಸಾಕು: 'ಓಹ್ತೆರೆ ಸ್ಯಾಡೆ ಹಿಸ್ ಹ್ಲಾಫೋರ್ಡೆ, ಆಲ್ಫ್ರೇಡೆ ಕುನಿಂಗೆ, ಥ್ಯಾಟ್ ಹೇ ಎಆಲ್ರಾ ನೋರ್ಥ್‌ಮೊನ್ನಾ ನೋರ್ಥ್‌ಮೆಸ್ಟ್ ಬೂಡೆ.' ಒಂದೊಂದೇ ಪದ ಇಳಿಸಿದರೆ: ಓಹ್ತೆರೆ ಹೇಳಿದ ತನ್ನ ಒಡೆಯನಿಗೆ, ಆಲ್ಫ್ರೆಡ್ ರಾಜನಿಗೆ, ಏನೆಂದರೆ ತಾನು ಎಲ್ಲ ಬಡಗಣದವರ ಪೈಕಿ ಅತ್ಯಂತ ಬಡಗಣದಲ್ಲಿ ವಾಸವಿದ್ದ. 'ಸ್ಯಾಡೆ', ಅಂದರೆ ಹೇಳಿದ, ಎರಡನೇ ಜಾಗದಲ್ಲಿದೆ. 'ಬೂಡೆ', ಅಂದರೆ ವಾಸವಿದ್ದ, ಕಟ್ಟಕಡೆಯಲ್ಲಿದೆ. ಮುಖ್ಯ ವಾಕ್ಯ ಒಂದು ರೀತಿ, ಅದರ ಒಳಗಿನ ವಾಕ್ಯ ಇನ್ನೊಂದು ರೀತಿ. ಸ್ಟುಟ್‌ಗಾರ್ಟ್ ಗೆಳೆಯರು ಜರ್ಮನ್‌ನಲ್ಲಿ ತೋರಿಸಿದ್ದು ಇದನ್ನೇ.

ಎರಡನೆಯದು ನನಗೆ ಇನ್ನೂ ಪ್ರಿಯವಾದದ್ದು. ದನ ಕಾಯುತ್ತಿದ್ದ ಕ್ಯಾಡ್ಮನ್ ಎಂಬಾತನಿಗೆ ಕನಸಿನಲ್ಲಿ ಯಾರೋ ಬಂದು ಹಾಡು ಅನ್ನುತ್ತಾರೆ, ನನಗೆ ಬಾರದು ಅಂದರೂ ಬಿಡುವುದಿಲ್ಲ. ಬೀಡ್ ಎಂಬ ಸಂನ್ಯಾಸಿ ಲ್ಯಾಟಿನ್‌ನಲ್ಲಿ ಬರೆದ ಈ ಕತೆಯ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಬರುವ ಸಾಲು: 'ಥಾ ಹೇ ಥಾ ಥಾಸ್ ಅಂಡ್‌ಸ್ವಾರೆ ಒನ್‌ಫೇಂಗ್, ಥಾ ಒನ್‌ಗೊನ್ ಹೇ ಸೋನಾ ಸಿಂಗನ್.' ಅವನು ಈ ಉತ್ತರ ಪಡೆದಾಗ, ಆಗ ತೊಡಗಿದ ಅವನು ಕೂಡಲೇ ಹಾಡಲು.

ಇಲ್ಲಿ ಸ್ವಲ್ಪ ನಿಲ್ಲಿ. ಎರಡೂ ಭಾಗ ಶುರುವಾಗುವುದು 'ಥಾ' ಎಂಬ ಒಂದೇ ಪದದಿಂದ. ಮೊದಲನೆಯದಕ್ಕೆ 'ಯಾವಾಗ' ಅನ್ನುವ ಅರ್ಥ, ಎರಡನೆಯದಕ್ಕೆ 'ಆಗ' ಅನ್ನುವ ಅರ್ಥ. ಓದುವವನಿಗೆ ಗೊತ್ತಾಗುವುದು ಹೇಗೆ? ಕ್ರಿಯಾಪದ ನಿಂತ ಜಾಗದಿಂದ. 'ಒನ್‌ಫೇಂಗ್', ಪಡೆದ, ಕೊನೆಯಲ್ಲಿದೆ, ಹಾಗಾಗಿ ಅದು ಒಳವಾಕ್ಯ. 'ಒನ್‌ಗೊನ್', ತೊಡಗಿದ, 'ಥಾ' ಆದ ಕೂಡಲೇ ಕರ್ತೃವಿಗಿಂತ ಮೊದಲೇ ಬಂದಿದೆ, ಹಾಗಾಗಿ ಅದು ಮುಖ್ಯ ವಾಕ್ಯ. ಕನ್ನಡದಲ್ಲಿ ಈ ಕೆಲಸವನ್ನು 'ಪಡೆದಾಗ' ಅನ್ನುವುದರ ಬಾಲ ಮಾಡುತ್ತದೆ, ಕ್ರಿಯಾಪದ ಎರಡು ಕಡೆಯೂ ಕೊನೆಯಲ್ಲೇ ಇರುತ್ತದೆ. ಹಳೆಯ ಇಂಗ್ಲಿಷ್‌ನಲ್ಲಿ ಅದನ್ನು ಮಾಡುತ್ತಿದ್ದದ್ದು ಜಾಗ. ಆ ಕಾಲದಲ್ಲಿ ಪದಗಳನ್ನು ಮನಸ್ಸಿಗೆ ಬಂದ ಹಾಗೆ ಚೆಲ್ಲಬಹುದಿತ್ತು ಅಂತ ಗೈಡುಗಳಲ್ಲಿ ಬರೆದಿರುತ್ತದೆ. ಅದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಆಗಲೂ ಜಾಗಕ್ಕೆ ಬೆಲೆಯಿತ್ತು, ಅದು ಮಾಡುತ್ತಿದ್ದ ಕೆಲಸ ಬೇರೆ ಇತ್ತು, ಅಷ್ಟೇ.

ಯಾರು ಯಾರನ್ನು ಅನ್ನುವುದನ್ನು ಹೇಳುತ್ತಿದ್ದದ್ದು ವಿಭಕ್ತಿ. ರಾಜ ಅನ್ನಲು 'ಸೆ ಕುನಿಂಗ್', ರಾಜನನ್ನು ಅನ್ನಲು 'ಥೊನೆ ಕುನಿಂಗ್', ರಾಜನಿಗೆ ಅನ್ನಲು 'ಥ್ಯಾಮ್ ಕುನಿಂಗೆ', ರಾಜನ ಅನ್ನಲು 'ಥ್ಯಾಸ್ ಕುನಿಂಗೆಸ್'. ಇವತ್ತಿನ 'ದ' ಅನ್ನುವ ಒಂದೇ ಪುಟ್ಟ ಪದದ ಜಾಗದಲ್ಲಿ ಎಷ್ಟು ರೂಪ ನೋಡಿ. ಮಕ್ಕಳಿಗೆ ಬೋರ್ಡಿನ ಮೇಲೆ 'ಸೆ ಕುನಿಂಗ್ ಸ್ಲೋಹ್ ಥೊನೆ ಬಿಶೊಪ್' ಅಂತ ಬರೆಯಿರಿ, ರಾಜ ಬಿಷಪ್ಪನನ್ನು ಹೊಡೆದ. ಕೆಳಗೆ 'ಥೊನೆ ಬಿಶೊಪ್ ಸ್ಲೋಹ್ ಸೆ ಕುನಿಂಗ್' ಅಂತ ಬರೆಯಿರಿ. ಈಗಲೂ ಹೊಡೆದವನು ರಾಜನೇ. ರಾವಣನನ್ನು ರಾಮ ಕೊಂದ ಅಂದರೂ ರಾಮ ರಾವಣನನ್ನು ಕೊಂದ ಅಂದರೂ ಸತ್ತವನು ರಾವಣನೇ ಅನ್ನುವುದು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಈ ವಿಷಯದಲ್ಲಿ ಇಂಗ್ಲೆಂಡಿನ ಇವತ್ತಿನ ಮಕ್ಕಳಿಗಿಂತ ಹಾಸನದ ಮಕ್ಕಳಿಗೇ ಹಳೆಯ ಇಂಗ್ಲಿಷ್ ಬೇಗ ಹತ್ತುತ್ತದೆ ಅಂತ ನನ್ನ ನಂಬಿಕೆ.

ಕಿರಣ್ ಎಂ.

ಮೇಷ್ಟ್ರೇ, ಚೆನ್ನಾಗಿ ವಿವರಿಸಿದ್ದೀರಿ. ಆದರೆ ಕಾರಣ ಸರಳ ಅಲ್ಲವೇ ಸರ್? 1066ರಲ್ಲಿ ಉತ್ತರ ಫ್ರಾನ್ಸಿನಿಂದ ನಾರ್ಮನ್ನರು ಬಂದರು, ಆಸ್ಥಾನದ ಭಾಷೆ ಫ್ರೆಂಚ್ ಆಯಿತು, ಇಂಗ್ಲಿಷ್ ಹಳ್ಳಿಯವರ ಬಾಯಲ್ಲಿ ಉಳಿದು ವಿಭಕ್ತಿ ಕಳೆದುಕೊಂಡಿತು. ವಿಭಕ್ತಿ ಹೋದಮೇಲೆ ಕರ್ತೃ ಯಾವುದು ಕರ್ಮ ಯಾವುದು ಅಂತ ತಿಳಿಯಲು ಜಾಗ ಗಟ್ಟಿಮಾಡಲೇಬೇಕಾಯಿತು. ನಮಗೆ ಡಿಗ್ರಿಯಲ್ಲಿ ಹೀಗೇ ಹೇಳಿದ್ದರು. ಇದರಲ್ಲಿ ತಪ್ಪೇನಿದೆ?

ಹಳೇ ಮೇಷ್ಟ್ರು, ಧಾರವಾಡ

ಕಿರಣ್, ಈ ವಿವರಣೆ ಎಲ್ಲ ಕಡೆ ಇದೆ, ನೀವು ಕೇಳಿದ್ದು ಒಳ್ಳೆಯದೇ ಆಯಿತು. ಇದರಲ್ಲಿ ಎರಡು ಗಂಟುಗಳಿವೆ.

ಮೊದಲನೆಯದು ನಾರ್ಮನ್ನರದ್ದು. ಇಂಗ್ಲೆಂಡಿನ ಉತ್ತರದಲ್ಲಿ ಲಿಂಡಿಸ್‌ಫಾರ್ನ್ ಸುವಾರ್ತೆಗಳು ಅಂತ ಚಿತ್ರಾಲಂಕಾರದ ಒಂದು ಲ್ಯಾಟಿನ್ ಹಸ್ತಪ್ರತಿ ಇತ್ತು. ಹತ್ತನೇ ಶತಮಾನದ ನಡುವಿನ ನಂತರ ಆಲ್ಡ್ರೆಡ್ ಎಂಬ ಪಾದ್ರಿ ಅದರ ಸಾಲುಗಳ ನಡುವಿನ ಸಂದಿಯಲ್ಲಿ ಒಂದೊಂದು ಲ್ಯಾಟಿನ್ ಪದಕ್ಕೂ ತನ್ನ ಇಂಗ್ಲಿಷ್ ಪದ ಬರೆದ. ಆ ಪುಟ್ಟ ಅಕ್ಷರಗಳಲ್ಲೇ ವಿಭಕ್ತಿ ಪ್ರತ್ಯಯಗಳು ಒಂದರೊಳಗೊಂದು ಕಲಸಿಹೋಗಿರುವುದು ಕಾಣುತ್ತದೆ. ನಾರ್ಮನ್ನರು ಕಡಲು ದಾಟಲು ಇನ್ನೂ ನೂರರ ಹತ್ತಿರ ವರ್ಷ ಇತ್ತು. ಪ್ರತ್ಯಯ ಸವೆದದ್ದು ಮೊದಲು ಉತ್ತರದಲ್ಲಿ ಮತ್ತು ಪೂರ್ವದಲ್ಲಿ. ಅಲ್ಲಿ ಒಂಬತ್ತನೇ ಶತಮಾನದಿಂದ ನೆಲೆಸಿದವರು ಸ್ಕ್ಯಾಂಡಿನೇವಿಯಾದಿಂದ ಕಡಲ ದಾಳಿಗೆ ಬಂದ ವೈಕಿಂಗರು. ಅವರ ನಾರ್ಸ್ ಭಾಷೆಗೂ ಇಂಗ್ಲಿಷಿಗೂ ಧಾತುಗಳು ಹತ್ತಿರ, ಬಾಲಗಳು ಬೇರೆ. ಕಲ್ಲಿಗೆ ಇವರು 'ಸ್ಟಾನ್' ಅಂದರೆ ಅವರು 'ಸ್ಟೈನ್' ಅನ್ನುವರು, ಕೊನೆಯಲ್ಲಿ ಇನ್ನೊಂದು 'ನ್' ಒತ್ತಿ. ನಮ್ಮ ಧಾರವಾಡದವನು 'ಬಂದಾನ' ಅಂದಾಗ ಮೈಸೂರಿನವನು 'ಬಂದಿದ್ದಾನೆ' ಅಂತ ಧಾತು ಹಿಡಿದೇ ಅರ್ಥ ಮಾಡಿಕೊಳ್ಳುವುದಿಲ್ಲವೇ? ಅಲ್ಲೂ ಹಾಗೆ ನಡೆದಿರಬೇಕು ಅನ್ನುವುದು ಬಹುಮಂದಿ ವಿದ್ವಾಂಸರ ಊಹೆ. ಅದರ ಜೊತೆಗೆ ಇಂಗ್ಲಿಷ್‌ನಲ್ಲಿ ಒತ್ತು ಬೀಳುವುದು ಸಾಮಾನ್ಯವಾಗಿ ಧಾತುವಿನ ಮೊದಲ ಅಕ್ಷರದ ಮೇಲೆ, ಹಾಗಾಗಿ ಕೊನೆಯ ಸ್ವರಗಳು ತಾವಾಗಿಯೇ ಮಂಕಾಗುತ್ತಿದ್ದವು.

ವೈಕಿಂಗರ ನೆಲೆಯಿಂದ ದೂರದ ಮೂಲೆಗೆ ಹೋಗಿ ನೋಡಿದರೆ ಚಿತ್ರ ಬೇರೆ. 1340ರಲ್ಲಿ ಕೆಂಟ್ ಪ್ರಾಂತದ ಕ್ಯಾಂಟರ್ಬರಿಯಲ್ಲಿ ಮೈಕೆಲ್ ಎಂಬ ಸಂನ್ಯಾಸಿ ಬರೆದ ಪುಸ್ತಕದಲ್ಲಿ ಹಳೆಯ 'ಥೊನೆ'ಯು 'ಥಾನೆ' ಅನ್ನುವ ರೂಪದಲ್ಲಿ ಇನ್ನೂ ಜೀವ ಹಿಡಿದಿದೆ. ಫ್ರಾನ್ಸಿಗೆ ಹತ್ತಿರದ ಸೀಮೆ ಅದು. ನಾರ್ಮನ್ನರೇ ಕಾರಣವಾಗಿದ್ದರೆ ಅಲ್ಲೇ ಮೊದಲು ಅಳಿಯಬೇಕಿತ್ತು. ಅದೂ ಅಲ್ಲದೆ, ಆ ಕಾಲದ ಫ್ರೆಂಚೇ ಮುಖ್ಯ ವಾಕ್ಯದಲ್ಲಿ ಕ್ರಿಯಾಪದವನ್ನು ಎರಡನೇ ಜಾಗದಲ್ಲಿ ಇಡುತ್ತಿದ್ದ ಭಾಷೆ.

ಎರಡನೇ ಗಂಟು ಇನ್ನೂ ಬಿಗಿ. ವಿಭಕ್ತಿ ಹೋಯಿತು, ಅದಕ್ಕೇ ಜಾಗ ಗಟ್ಟಿಯಾಯಿತು ಅನ್ನುವುದಾದರೆ ಎರಡೂ ಬೆನ್ನುಬೆನ್ನಿಗೆ ನಡೆದಿರಬೇಕು ತಾನೇ? ಪೀಟರ್‌ಬರೋ ಮಠದ ಸಂನ್ಯಾಸಿಗಳು ವರ್ಷದ ವರದಿ ಬರೆದಿಡುತ್ತಿದ್ದರು. ಅದರ ಕೊನೆಯ ಭಾಗ 1154ಕ್ಕೆ ಮುಗಿಯುತ್ತದೆ. ಅಷ್ಟು ಹೊತ್ತಿಗೆ 'ಸೆ, ಥೊನೆ, ಥ್ಯಾಮ್' ಎಲ್ಲ ಸವೆದು 'ಥೆ' ಎಂಬ ಒಂದೇ ರೂಪ ನಿಂತುಬಿಟ್ಟಿದೆ. ಆದರೆ ಸ್ಟೀಫನ್ ರಾಜನಿಗೆ ದ್ರೋಹ ಬಗೆದ ಪಾಳೆಯಗಾರರ ಬಗ್ಗೆ ಆ ಭಾಗ ಬರೆದ ಸಂನ್ಯಾಸಿ ಹೇಳುವುದು ಹೀಗೆ: 'ಹೀ ಹ್ಯಾಡನ್ ಹಿಮ್ ಮನ್ರೆಡ್ ಮಾಕೆಡ್ ಅಂಡ್ ಆಥೆಸ್ ಸ್ವೋರೆನ್, ಅಕ್ ಹೀ ನಾನ್ ಟ್ರೂಥೆ ನೆ ಹೇಒಲ್ಡೆನ್.' ಅವರು ಅವನಿಗೆ ವಿಧೇಯತೆ ಒಪ್ಪಿಸಿದ್ದರು, ಆಣೆ ಇಟ್ಟಿದ್ದರು, ಆದರೆ ಅವರು ಯಾವ ನಿಷ್ಠೆಯನ್ನೂ ಪಾಲಿಸಲಿಲ್ಲ. ಒಂದೇ ಉಸಿರಿನಲ್ಲಿ ಮೂರು ಕರ್ಮ, ಮೂರೂ ತಮ್ಮ ಕ್ರಿಯಾಪದಕ್ಕಿಂತ ಮೊದಲು. ಈ ವಾಕ್ಯದಲ್ಲಿ ಎಷ್ಟು ಹತಾಶೆ ಇದೆ ನೋಡಿ. ಆ ರಾಜನ ಕಾಲದ ಅರಾಜಕತೆಯನ್ನು ಕಣ್ಣಾರೆ ಕಂಡ ಪೀಳಿಗೆಯವನು ಬರೆದದ್ದು. ವ್ಯಾಕರಣಕ್ಕಾಗಿ ಓದಲು ಹೋದವನನ್ನು ಚರಿತ್ರೆ ಹಿಡಿದು ನಿಲ್ಲಿಸುವ ಪುಟಗಳು ಅವು.

ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫ್ರೀಸ್ 1940ರಲ್ಲಿ ಇದರ ಎಣಿಕೆಯನ್ನು ಪ್ರಕಟಿಸಿದರು. ಕ್ರಿ.ಶ. 1000ದ ಸುಮಾರಿಗೆ ಕರ್ಮ ಕ್ರಿಯಾಪದಕ್ಕಿಂತ ಮೊದಲು ಬರುತ್ತಿದ್ದದ್ದು ನೂರಕ್ಕೆ 52ರಷ್ಟು. 1300ಕ್ಕೆ 40ರ ಆಸುಪಾಸು. 1400ಕ್ಕೆ 14. 1500ಕ್ಕೆ ಎರಡಕ್ಕಿಂತ ಕಡಿಮೆ. ಎಣಿಸುವ ಕ್ರಮವನ್ನು ಮುಂದಿನವರು ಬಹಳ ಸೂಕ್ಷ್ಮ ಮಾಡಿದ್ದಾರೆ, ಆದರೆ ಇಳಿದ ದಿಕ್ಕು ಅದೇ. ದೊಡ್ಡ ಇಳಿತ ಹದಿನಾಲ್ಕನೇ ಶತಮಾನದ್ದು. ಪೀಟರ್‌ಬರೋದಲ್ಲಿ ವಿಭಕ್ತಿ ಸವೆದು ಅಷ್ಟೊತ್ತಿಗೆ ನೂರೈವತ್ತು ವರ್ಷ ದಾಟಿತ್ತು. ಅಷ್ಟು ಕಾಲ ಜನ ವಿಭಕ್ತಿಯೂ ಇಲ್ಲದೆ, ಗಟ್ಟಿ ಜಾಗವೂ ಇಲ್ಲದೆ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡೇ ಬದುಕಿದರು.

ಅದು ಸಾಧ್ಯ ಅನ್ನುವುದಕ್ಕೆ ನಮ್ಮ ಮಾತೇ ಸಾಕ್ಷಿ. 'ಹುಡುಗ ಹಣ್ಣು ತಿಂದ' ಅನ್ನುವಾಗ ಯಾರು 'ಹಣ್ಣನ್ನು' ಅಂತ ಒತ್ತಿ ಹೇಳುತ್ತಾರೆ? 'ಆ ಹಣ್ಣು ಯಾರು ತಿಂದ್ರು?' ಅಂತ ಕರ್ಮವನ್ನು ಮೊದಲಿಗೆ ತಂದರೂ ಯಾರಿಗೂ ಗೊಂದಲವಿಲ್ಲ. ಹಣ್ಣು ಮನುಷ್ಯನನ್ನು ತಿನ್ನುವುದಿಲ್ಲ ಅನ್ನುವುದು ಲೋಕಜ್ಞಾನ. ಇಬ್ಬರು ಮನುಷ್ಯರು ಎದುರುಬದುರು ನಿಂತಾಗ ಮಾತ್ರ 'ಅನ್ನು' ಬೇಕೇ ಬೇಕು. ಅಂಥ ವಾಕ್ಯಗಳು ನಾವಂದುಕೊಂಡಷ್ಟು ಹೆಚ್ಚಿರುವುದಿಲ್ಲ.

ಹೊರಗಿನ ಸಾಕ್ಷಿ ಬೇಕಾದರೆ ಐಸ್‌ಲ್ಯಾಂಡಿಗೆ ಹೋಗಿ. ಇವತ್ತಿಗೂ ಅವರ ನಾಲ್ಕೂ ವಿಭಕ್ತಿಗಳು ಗಟ್ಟಿಯಾಗಿವೆ, ಆದರೂ ಅವರು ಕರ್ಮವನ್ನು ಕ್ರಿಯಾಪದದ ನಂತರವೇ ಇಡುತ್ತಾರೆ. ಹಾಲೆಂಡಿನವರು ನಾಮಪದದ ವಿಭಕ್ತಿಗಳನ್ನು ಇಂಗ್ಲಿಷಿನವರಷ್ಟೇ ಕಳೆದುಕೊಂಡಿದ್ದಾರೆ, ಆದರೂ ಅವರ ಒಳವಾಕ್ಯದಲ್ಲಿ ಕ್ರಿಯಾಪದ ಇಂದಿಗೂ ಕೊನೆಯಲ್ಲೇ. ವಿಭಕ್ತಿ ಉಳಿಸಿಕೊಂಡವರು ಬದಲಾದರು, ಕಳೆದುಕೊಂಡವರು ಬದಲಾಗಲಿಲ್ಲ. ಹಾಗಾಗಿ ಒಂದು ಇನ್ನೊಂದಕ್ಕೆ ನೇರ ಕಾರಣ ಅನ್ನಲು ನನ್ನಿಂದ ಆಗುವುದಿಲ್ಲ. ವಿಭಕ್ತಿ ಸವೆದದ್ದು ಹಳೆಯ ಸಾಲಿಗೆ ಇದ್ದ ಆಸರೆಯೊಂದನ್ನು ತೆಗೆಯಿತು ಅನ್ನುವಷ್ಟು ಒಪ್ಪುತ್ತೇನೆ. ಆದರೆ ಕ್ರಿಯಾಪದ ಮುಂದಕ್ಕೆ ಸರಿಯುವ ಒಲವು ಆಲ್ಫ್ರೆಡ್ ರಾಜನ ಕಾಲದ ಬರಹದಲ್ಲೇ ಇದೆ, ಒಳವಾಕ್ಯದಲ್ಲೂ ಅಲ್ಲಲ್ಲಿ ಸಿಗುತ್ತದೆ. ಓಹ್ತೆರೆಯ ಮೊದಲ ಸಾಲು 'ಬೂಡೆ' ಅಂತ ಮುಗಿದರೆ, ಮರುಸಾಲಿನಲ್ಲೇ 'ಥ್ಯಾಟ್ ಹೇ ಬೂಡೆ' ಅಂತ ಶುರುವಾಗಿ ಊರಿನ ವಿವರ ಆಮೇಲೆ ಬರುತ್ತದೆ. ಅಕ್ಕಪಕ್ಕದ ಎರಡು ಸಾಲು, ಒಂದೇ ಕ್ರಿಯಾಪದ, ಎರಡು ಜಾಗ.

ಸುಮಾ ಟೀಚರ್

ಮೇಷ್ಟ್ರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಓಹ್ತೆರೆಯ ಎರಡು ಸಾಲನ್ನು ಚಾರ್ಟ್ ಮಾಡಿಸುತ್ತೇನೆ. ಇನ್ನೊಂದೇ ಒಂದು ಕೇಳುತ್ತೇನೆ. ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ 'ಡೂ, ಡಸ್, ಡಿಡ್'. 'ಈಟ್ಸ್ ಹಿ ಫಿಶ್?' ಅಂತಲೇ ಬರೆಯುತ್ತಾರೆ. ಜರ್ಮನ್‌ನಲ್ಲಿ ಹಾಗೇ ಕೇಳುತ್ತಾರಂತೆ. ಇಂಗ್ಲಿಷಿಗೆ ಮಾತ್ರ ಈ 'ಡೂ' ಎಲ್ಲಿಂದ ಬಂತು? ಇದಕ್ಕೂ ಪದಗಳ ಜಾಗಕ್ಕೂ ಸಂಬಂಧ ಇದೆಯೇ?

ಹಳೇ ಮೇಷ್ಟ್ರು, ಧಾರವಾಡ

ಇದೆ ಸುಮಾ ಅವರೇ, ಹತ್ತಿರದ ಸಂಬಂಧವೇ ಇದೆ. ನಿಮ್ಮ ಮಕ್ಕಳು ಬರೆಯುವ 'ಈಟ್ಸ್ ಹಿ ಫಿಶ್' ಶೇಕ್ಸ್‌ಪಿಯರನ ಕಾಲಕ್ಕೆ ಒಪ್ಪುವ ವಾಕ್ಯ. ಮ್ಯಾಕ್‌ಬೆತ್ ನಾಟಕದ ಎರಡನೇ ಅಂಕದಲ್ಲಿ, ರಾಜನ ಕೊಲೆ ಇನ್ನೂ ಬಯಲಾಗದ ಬೆಳಗಿನ ಜಾವ, ಲೆನಾಕ್ಸ್ ಎಂಬ ಸರದಾರ ಕೇಳುತ್ತಾನೆ: 'ಗೋಸ್ ದ ಕಿಂಗ್ ಹೆನ್ಸ್ ಟುಡೇ?' ರಾಜ ಇವತ್ತು ಇಲ್ಲಿಂದ ಹೊರಡುತ್ತಾನೆಯೇ? ಕೊಂದ ಮ್ಯಾಕ್‌ಬೆತ್‌ನೇ ಎದುರಿಗೆ ನಿಂತು ಉತ್ತರಿಸುತ್ತಾನೆ: 'ಹಿ ಡಸ್, ಹಿ ಡಿಡ್ ಅಪಾಯಿಂಟ್ ಸೋ.' ಹೌದು, ಹಾಗೆ ಗೊತ್ತುಮಾಡಿದ್ದ. ಈ ಎರಡು ಸಾಲಿನಲ್ಲಿ ಇಡೀ ಕತೆ ಇದೆ. ಪ್ರಶ್ನೆ ಹಳೆಯ ಪದ್ಧತಿಯಲ್ಲಿದೆ, 'ಗೋಸ್' ಎಂಬ ಕ್ರಿಯಾಪದವೇ ಕರ್ತೃವನ್ನು ದಾಟಿ ಮುಂದೆ ಬಂದಿದೆ. ಉತ್ತರದ 'ಡಸ್' ನಮ್ಮ ಕಾಲದ್ದೇ. 'ಡಿಡ್ ಅಪಾಯಿಂಟ್' ಮಾತ್ರ ಇವತ್ತು ನಾವು ಒತ್ತಿ ಹೇಳುವಾಗ ಬಿಟ್ಟರೆ ಬಳಸದ ರೂಪ, ಆಗ ಅದರಲ್ಲಿ ಒತ್ತು ಇರಲೇಬೇಕು ಅಂತೇನೂ ಇರಲಿಲ್ಲ. 1611ರ ಬೈಬಲ್ ಅನುವಾದದ ಮತ್ತಾಯನ ಸುವಾರ್ತೆಯಲ್ಲಿ ಐದು ರೊಟ್ಟಿಯ ಪವಾಡ ಮುಗಿದಮೇಲೆ 'ದೆ ಡಿಡ್ ಆಲ್ ಈಟ್' ಅಂತ ಬರುತ್ತದೆ, ಎಲ್ಲರೂ ಉಂಡರು ಅನ್ನುವಷ್ಟೇ ಅರ್ಥ. ಅದೇ ಸುವಾರ್ತೆಯಲ್ಲಿ ಹೊಲದ ಹೂವುಗಳ ಬಗ್ಗೆ 'ದೆ ಟಾಯಿಲ್ ನಾಟ್, ನೈದರ್ ಡೂ ದೆ ಸ್ಪಿನ್'. ಅವು ದುಡಿಯುವುದಿಲ್ಲ, ನೂಲುವುದೂ ಇಲ್ಲ. ಮೊದಲ ನಿಷೇಧ 'ಡೂ' ಇಲ್ಲದೆ, ಎರಡನೆಯದು 'ಡೂ' ಸಮೇತ.

ಸ್ವೀಡನ್ನಿನ ಆಲ್ವಾರ್ ಎಲ್ಲೆಗಾರ್ಡ್ ಎಂಬ ವಿದ್ವಾಂಸರು ಇದನ್ನು ಸಾವಿರಾರು ವಾಕ್ಯ ಹೆಕ್ಕಿ ಎಣಿಸಿ 1953ರಲ್ಲಿ ಪ್ರಕಟಿಸಿದರು. 'ಡೂ' ಬಳಕೆ ಹದಿನೈದನೇ ಶತಮಾನದಲ್ಲಿ ಮೆಲ್ಲಗೆ ಏಳುತ್ತದೆ, ಹದಿನಾರರಲ್ಲಿ ಬೀಸುಗಾಲು ಹಾಕುತ್ತದೆ. ಪ್ರಶ್ನೆಗಳು ಮುಂದೆ ಹೋದವು, 'ನಾಟ್' ಇರುವ ವಾಕ್ಯಗಳು ಹಿಂದೆ ಬಂದವು. ಬರೀ ಹೇಳಿಕೆಯ 'ಡಿಡ್ ಈಟ್' ಕೂಡ ಅವುಗಳ ಜೊತೆ ಏರಿ, ಹದಿನಾರನೇ ಶತಮಾನದ ಮೂರನೇ ಕಾಲುಭಾಗದಲ್ಲಿ ತುದಿ ಮುಟ್ಟಿ, ಆಮೇಲೆ ಇಳಿದುಹೋಯಿತು.

ಯಾಕೆ ಅನ್ನುವುದಕ್ಕೆ ನನಗೆ ಒಪ್ಪಿಗೆಯಾಗುವ ವಿವರಣೆ ಇದು. ಕರ್ಮ ಕ್ರಿಯಾಪದದ ಬೆನ್ನಿಗೇ ಬರಬೇಕು ಅನ್ನುವುದು 1500ರ ಹೊತ್ತಿಗೆ ಗಟ್ಟಿಯಾಗಿತ್ತು, ಫ್ರೀಸ್ ಅವರ ಎಣಿಕೆ ನೋಡಿದಿರಲ್ಲ. 'ಈಟ್ಸ್ ಹಿ ಫಿಶ್' ಅಂದಾಗ ಆ ಜೋಡಿಯ ನಡುವೆ 'ಹಿ' ನುಗ್ಗುತ್ತದೆ. 'ಡಸ್ ಹಿ ಈಟ್ ಫಿಶ್' ಅಂದರೆ 'ಈಟ್ ಫಿಶ್' ಬಿಡದೆ ಉಳಿಯುತ್ತದೆ, ಕರ್ತೃವಿನ ಮುಂದೆ ಹೋಗಿ ಪ್ರಶ್ನೆಯ ಗುರುತಾಗುವ ಕೆಲಸವನ್ನು ಬೇರೆ ಅರ್ಥವಿಲ್ಲದ 'ಡಸ್' ಹೊರುತ್ತದೆ. ಹಾಗಾಗಿ ಕ್ರಿಯಾಪದ ಎರಡನೇ ಜಾಗಕ್ಕೆ ಜಿಗಿಯುತ್ತಿದ್ದ ಹಳೆಯ ಪದ್ಧತಿ ಸತ್ತಿಲ್ಲ, ಅದನ್ನು ಸಹಾಯಕ ಕ್ರಿಯಾಪದಗಳಿಗೆ ಬಿಟ್ಟುಕೊಟ್ಟಿದ್ದಾರೆ. 'ನೆವರ್ ಹ್ಯಾವ್ ಐ ಸೀನ್', 'ಸೋ ಡಿಡ್ ಐ', 'ಹ್ಯಾಡ್ ಐ ನೋನ್' ಅಂತ ನೀವು ಪ್ರತ್ಯೇಕ ನಿಯಮಗಳಾಗಿ ಬಾಯಿಪಾಠ ಮಾಡಿಸುತ್ತೀರಲ್ಲ, ಅವನ್ನೆಲ್ಲ ಒಂದೇ ದಿನ ಒಟ್ಟಿಗೆ ಬೋರ್ಡಿಗೆ ಹಾಕಿ, ಪಕ್ಕದಲ್ಲಿ ಕ್ಯಾಡ್ಮನ್ನನ 'ಥಾ ಒನ್‌ಗೊನ್ ಹೇ' ಬರೆಯಿರಿ. 'ಹಿಯರ್ ಕಮ್ಸ್ ದ ಬಸ್' ಒಂದರಲ್ಲಿ ಮಾತ್ರ ಪೂರ್ಣ ಕ್ರಿಯಾಪದವೇ ಜಿಗಿದಿದೆ, ಅದನ್ನು ಬೇರೆ ಬಣ್ಣದಲ್ಲಿ ಬರೆಯಿರಿ.

ಎಲ್ಲ ಕ್ರಿಯಾಪದಗಳೂ ಒಟ್ಟಿಗೆ ಶರಣಾಗಲಿಲ್ಲ. 'ನೋ', 'ಡೌಟ್', 'ಕೇರ್' ಬಹಳ ಕಾಲ ಹಟ ಹಿಡಿದವು. 'ಐ ನೋ ನಾಟ್' ಹದಿನೆಂಟನೇ ಶತಮಾನದ ಗದ್ಯದಲ್ಲೂ ಧಾರಾಳವಾಗಿ ಸಿಗುತ್ತದೆ. ದಿನಬಳಕೆಯ ಪದಗಳು ಬಾಯಿಗೆ ಅಂಟಿರುತ್ತವೆ, ಬೇಗ ಬಿಡುವುದಿಲ್ಲ. 'ಬೀ' ಮತ್ತು 'ಕ್ಯಾನ್' ಇವತ್ತಿಗೂ 'ಡೂ'ಗೆ ಸೊಪ್ಪು ಹಾಕಿಲ್ಲ.

'ಹ್ಯಾವ್' ಮಾತ್ರ ನನ್ನ ಕಣ್ಣೆದುರೇ ದಾಟಿತು. ನಮ್ಮ ಶಾಲೆಯ ದಿನಗಳಲ್ಲಿ ಮಾಸ್ತರರು ಹೇಳಿಕೊಟ್ಟದ್ದು 'ಹ್ಯಾವ್ ಯೂ ಎ ಪೆನ್ಸಿಲ್?' ಅದಕ್ಕೆ ಉತ್ತರ 'ನೋ, ಐ ಹ್ಯಾವ್‌ನಾಟ್'. ಆಗಿನ ಬ್ರಿಟಿಷ್ ಬಳಕೆಯೂ ಅದೇ. ನಾನು ಪಾಠ ಮಾಡುವ ಹೊತ್ತಿಗೆ ಪುಸ್ತಕಗಳಲ್ಲಿ ಎರಡೂ ರೂಪ ಇದ್ದವು, ಹಳಬರಾದ ಸಹೋದ್ಯೋಗಿಗಳು 'ಡೂ ಯೂ ಹ್ಯಾವ್' ಅಮೆರಿಕದವರದ್ದು ಅಂತ ಉತ್ತರಪತ್ರಿಕೆಯಲ್ಲಿ ಅಂಕ ಕಳೆಯುತ್ತಿದ್ದರು. ಈಗ ನನ್ನ ಮೊಮ್ಮಗಳಿಗೆ 'ಹ್ಯಾವ್ ಯೂ ಎ ಪೆನ್ಸಿಲ್' ಅಂದರೆ, "ಅಜ್ಜಾ, ವಾಕ್ಯ ಪೂರ್ತಿ ಮಾಡು" ಅನ್ನುತ್ತಾಳೆ.